ಎರಡನೇ ಗುಂಡಿ

ಅರಸೀಕೆರೆ ಜಂಕ್ಷನ್ನಿನ ಹೊರಗೆ, ಸೈಕಲ್ ಸ್ಟ್ಯಾಂಡಿಗೆ ಒತ್ತಿಕೊಂಡ
ಕರಿಯಮ್ಮನ ಟೀ ಅಂಗಡಿಯಲ್ಲಿ
ಭಾನುವಾರ ಸಂಜೆ ಆರೂವರೆಗೆ ನಾವು ನಾಲ್ವರು
ಒಂದು ಮನೆ ಹಾಳಾದದ್ದು ಯಾವಾಗ ಎಂದು ವಿಚಾರಣೆಗೆ ಕೂರುತ್ತೇವೆ.

ಮನೆ ನಮ್ಮದಲ್ಲ. ಯಾರದೂ ಅಲ್ಲ.
ಗೆರೆ ಬಣ್ಣದ ಮನೆ, ಬಾಗಿಲ ನಂಬರು ಹದಿನೇಳು,
ಇಪ್ಪತ್ತಾರು ವರ್ಷದಿಂದ ಟೀವಿಯಲ್ಲಿ ವಾರಕ್ಕೊಮ್ಮೆ ತೆರೆಯುತ್ತದೆ.
ಅಪ್ಪ ಕೆಂಚಪ್ಪನಿಗೆ ಇನ್ನೂ ನಲವತ್ತೊಂದು.
ಮಗಳು ಪುಟ್ಲಿ ಇನ್ನೂ ಮೂರನೇ ಕ್ಲಾಸು,
ಮಗ್ಗಿ ಇನ್ನೂ ಹದಿಮೂರರಲ್ಲೇ ತೊಡರುತ್ತದೆ.
ಅವಳ ಜೊತೆ ಮೂರನೇ ಕ್ಲಾಸು ಕೂತವನು ನಾನು;
ಈಗ ಕೌಂಟರಿನಲ್ಲಿ ಟಿಕೆಟ್ ಕೊಡುತ್ತೇನೆ,
ಬಿಳಿ ಕೂದಲು ಎಣಿಸುವುದನ್ನು ಬಿಟ್ಟಿದ್ದೇನೆ.

ಧರಣೇಂದ್ರ ಕೊಬ್ರಿ ಮಂಡಿಯವನು, ರಾಶಿಗೆ ಕೈ ಹಾಕಿ
ಒಳಗಿನ ಬೂಷ್ಟು ಹೇಳಬಲ್ಲ.
"ಒಂಬತ್ತನೇ ಸೀಸನ್ನು" ಎನ್ನುತ್ತಾನೆ, "ಕಾರು ಕೊಂಡರಲ್ಲ, ಅವತ್ತೇ.
ಬಸ್ಸಿಗೆ ಓಡೋ ಕೆಂಚಪ್ಪ ನಗಿಸ್ತಿದ್ದ.
ಕಂತು ಕಟ್ಟೋ ಕೆಂಚಪ್ಪ ನಮ್ ಭಾವನ ಥರ ಇದಾನೆ."

ಲೋಲಾಕ್ಷಿ ಎಲ್ಐಸಿ ಕಛೇರಿಯವಳು, ತಾರೀಕಿಲ್ಲದೆ ಮಾತಾಡಳು.
"ಅಲ್ಲ. ಹನ್ನೆರಡರ ನಾಲ್ಕನೇ ಕಂತು. ಅಜ್ಜಿಯ ದನಿ ಬದಲಾಯ್ತು.
ಹಳೇ ಅಜ್ಜಿ ಬೈದ್ರೆ ಒಲೆ ಹೊಗೆ ಕಣ್ಣಿಗೆ ಬರ್ತಿತ್ತು,
ಈಗಿನವಳು ಬೈದ್ರೆ
ರೈಲು ತಡವಾಗಿದೆ ಅಂತ ಮೈಕಲ್ಲಿ ಹೇಳ್ದಂಗಿರುತ್ತೆ."
ನಾನು ರೈಲ್ವೆಯ ಪರವಾಗಿ ಏನೂ ಹೇಳುವುದಿಲ್ಲ.

ಇಮ್ತಿಯಾಜನದು ಮೊಬೈಲ್ ರಿಪೇರಿ,
ಭೂತಗನ್ನಡಿ ಸಿಕ್ಕಿಸಿಕೊಂಡೇ ಬದುಕುವವನು.
ಅವನಿಗೆ ಕಂಡದ್ದು ಗುಂಡಿ.

ಕೆಂಚಪ್ಪನ ಅಂಗಿಗೆ ಮೇಲಿಂದ ಎರಡನೇ ಗುಂಡಿ ಇರಲಿಲ್ಲ.
ಪ್ರತಿ ಕಂತಿನ ಕೊನೆಗೆ, ದೀಪ ಆರಿದ ಮೇಲೆ, ಕತ್ತಲಲ್ಲಿ
"ನಾಳೆ ಹೊಲೀತೀನಿ ಬುಡಿ" ಎಂಬ ಸುಗುಣಮ್ಮನ ಮಾತು.
ಅಷ್ಟೇ. ಮುಗಿಯಿತು.
ಆ ಒಂದು ಮಾತಿಗೆ ನಮ್ಮ ಅಮ್ಮಂದಿರು
ಒದ್ದೆ ಕೈಯಲ್ಲೇ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು.
ಹದಿನಾಲ್ಕನೇ ಸೀಸನ್ನಿನಲ್ಲಿ ಒಂದು ದಿನ ಗುಂಡಿ ಇತ್ತು.
ಹೊಲಿದದ್ದನ್ನು ಯಾರೂ ತೋರಿಸಲಿಲ್ಲ, ಯಾರೂ ಕೇಳಲಿಲ್ಲ.
ಕಂತು ಮುಗಿಯಿತು, ಕತ್ತಲಾಯಿತು,
ಸುಗುಣಮ್ಮನಿಗೆ ಹೇಳಲು ಏನೂ ಉಳಿದಿರಲಿಲ್ಲ.
"ಅಲ್ಲೇ ನೋಡು ಗುಂಡಿಗೆ ಬಿದ್ದಿದ್ದು" ಎನ್ನುತ್ತಾನೆ ಇಮ್ತಿಯಾಜ್.
ನಾವು ನಗಬೇಕಾದ ಜಾಗ ಇದು. ನಗುತ್ತೇವೆ.

ಎದುರು ವಾದಿಸಲು ಐದನೆಯವನೊಬ್ಬನಿದ್ದ,
ಗೂಡ್ಸ್ ಗಾರ್ಡು ಬಸವಲಿಂಗು.
"ಹಾಳಾಗಿಲ್ಲ ಕಣ್ರಯ್ಯಾ" ಎಂದು ಬೆಂಚು ಗುದ್ದುತ್ತಿದ್ದ,
"ಹದಿನಾರರಲ್ಲಿ ಬೆಕ್ಕು ಕಳೆದ ಕಂತಿಗೆ ಅತ್ರೋ ಇಲ್ವೋ ಹೇಳಿ?"
ಅತ್ತಿದ್ದೆವು. ಒಪ್ಪಿಕೊಂಡಿರಲಿಲ್ಲ.
ಟೀ ಆರಿ ಕೆನೆಗಟ್ಟಿ, ಹುಬ್ಬಳ್ಳಿ ಪ್ಯಾಸೆಂಜರು ಹೋಗಿ,
ಕರಿಯಮ್ಮ ಹಲಗೆ ಜೋಡಿಸಿದರೂ ಜಗಳ ಮುಗಿಯುತ್ತಿರಲಿಲ್ಲ.
ಅವನಿಗೆ ಹೊಸಪೇಟೆಗೆ ವರ್ಗವಾಯಿತು.
ಹೋದ ಶ್ರಾವಣದಲ್ಲಿ ಒಂದು ಸಲ ಫೋನು ಮಾಡಿದ್ದ,
ಕೇಬಲ್ಲು ಇನ್ನೂ ಹಾಕಿಸಿಲ್ಲ ಎಂದ.

ಈಗ ಏಳೂಕಾಲಿಗೆಲ್ಲ ಮುಗಿಯುತ್ತದೆ.
ಧರಣೇಂದ್ರ ಕಾರು ಎನ್ನುವ ಮೊದಲು ಕೆಮ್ಮುತ್ತಾನೆ,
ದನಿ ಎನ್ನುವ ಮೊದಲು ಲೋಲಾಕ್ಷಿ ಲೋಟ ಕೆಳಗಿಡುತ್ತಾಳೆ.
ಗುಂಡಿಯ ಮಾತು ಬಂತೆಂದರೆ ಭೂತಗನ್ನಡಿ ಹಣೆಗೇರುತ್ತದೆ.
ಕರಿಯಮ್ಮ ನಮ್ಮ ಮಾತನ್ನು ನಮಗಿಂತ ಒಂದು ಗಳಿಗೆ ಮುಂಚೆ
ತುಟಿಯಲ್ಲೇ ಆಡಿಕೊಳ್ಳುತ್ತಾಳೆ, ಟೀ ಸೋಸುತ್ತಾ.

ಇವತ್ತು ಕೇಳಿದೆ, "ನೀನೂ ನೋಡ್ತೀಯೇನಮ್ಮ, ಹದಿನೇಳು?"
"ಎಲ್ಲಿ ಸ್ವಾಮಿ, ಟೀವಿ ಕೆಟ್ಟು ಏಳು ವರ್ಸಾತು.
ನಿಮ್ಮುನ್ನೇ ನೋಡ್ತೀನಿ."
ಸೋಸುವ ಬಟ್ಟೆ ಹಿಂಡಿ, ಒದರಿ, ಹಗ್ಗಕ್ಕೆ ಹಾಕಿ ಹೇಳಿದಳು:
"ಆ ಗಾರ್ಡಪ್ಪ ಇದ್ದಾಗ ಚೆನ್ನಾಗಿತ್ತು."

ಲೆಕ್ಕ ಬರೆಸಿ ಎದ್ದೆವು.
ಬರುವ ಭಾನುವಾರ ಹೊಸ ಕಂತು. ಚೆನ್ನಾಗಿರುವುದಿಲ್ಲ.
ಆರೂವರೆಗೆ, ಎಂದೆ.
ಆರೂವರೆಗೆ, ಎಂದರು.