ಹತ್ತು ಮಾರು ಹಗ್ಗ

ಕಡಲು ತಂದು ಎಸೆದ ನೀಲಿ ಹಗ್ಗ,
ಯಾವ ದೋಣಿಯದೋ, ಹತ್ತು ಮಾರು.
ಒಂದು ತುದಿ ನಿನ್ನ ಎದೆಪಟ್ಟಿಗೆ,
ಇನ್ನೊಂದು ನನ್ನ ಸೊಂಟಕ್ಕೆ.
ನಡುವೆ ಶೆಟ್‌ಲೆಂಡಿನ ಗಾಳಿ.
ಒಂದು ಮರವನ್ನೂ ನಿಲ್ಲಗೊಡದ ಈ ಗಾಳಿ
ಮೊಲದ ವಾಸನೆಯನ್ನು ಮಾತ್ರ
ನಿನ್ನ ಮೂಗಿನ ತನಕ
ಜೋಪಾನವಾಗಿ ಹೊತ್ತು ತರುತ್ತದೆ.

ಹನ್ನೊಂದು ತಿಂಗಳ ಪೋರಿ ನೀನು, ಟಿರಿಕ್.
ಟಿರಿಕ್ ಎಂದರೆ ನಮ್ಮಲ್ಲೊಂದು ಕಡಲ ಹಕ್ಕಿ,
ಮೊಟ್ಟೆಯ ಹತ್ತಿರ ಸುಳಿದವರ ನೆತ್ತಿ ಕುಕ್ಕುವಂಥದ್ದು.
ಹೆಸರಿಡುವಾಗಲೇ ಯೋಚಿಸಬೇಕಿತ್ತು.

ಮೇ ತಿಂಗಳು, ಕುರಿ ಈಯುವ ಕಾಲ.
ಬೇಲಿಯಿಲ್ಲದ ಗುಡ್ಡದಲ್ಲಿ
ಇನ್ನೂ ಒದ್ದೆ ಆರದ ಮರಿಗಳು
ತಮ್ಮ ಕಾಲು ತಾವೇ ಎಣಿಸಿಕೊಳ್ಳುತ್ತ ನಿಂತಿದ್ದವು.
ನೀನು ಕೊರಳಪಟ್ಟಿ ಕಳಚಿಕೊಂಡು ಹೋದೆ.
ಕಚ್ಚಲಿಲ್ಲ. ಬರಿದೆ ಅಟ್ಟಿದೆ.
ಒಂದು ತಾಯಿಕುರಿ ಹಳ್ಳಕ್ಕೆ ಬಿದ್ದು ಕಾಲು ಮುರಿಯಿತು.

ಅಂದು ಸಂಜೆ ಗಿಬ್ಬಿ ಬಂದ.
ಬೂಟಿನ ಕೆಸರನ್ನು ಹೊಸಿಲಾಚೆಯೇ ಒರೆಸಿ,
ಟೀ ಕುಡಿದು, ನನ್ನ ಮಂಡಿನೋವು ವಿಚಾರಿಸಿ,
ಏಳುವ ಮುಂಚೆ ಮೇಜಿನ ಮೇಲೆ
ಎರಡು ಕೆಂಪು ತೋಟಾ ಇಟ್ಟ,
ಸಕ್ಕರೆ ಡಬ್ಬಿಯ ಪಕ್ಕ, ನೆಟ್ಟಗೆ ನಿಲ್ಲಿಸಿ.
"ಓಸ್ಲಾ, ನಾನು ಕೆಟ್ಟವನಲ್ಲ" ಎಂದ.
ಅಲ್ಲ. ನಲವತ್ತು ವರ್ಷದ ನೆರೆಯವನು.

ಅಂದಿನಿಂದ ಈ ಹಗ್ಗ.

ಊರು ತುಂಬ ಬುದ್ಧಿ ಹೇಳುವವರು.
ಟಗರಿನ ಕೊಟ್ಟಿಗೆಗೆ ಒಂದು ರಾತ್ರಿ ದೂಡು,
ಕೊಂಬಿನ ಏಟು ಬಿದ್ದರೆ
ಜನ್ಮವಿಡೀ ಕುರಿಯತ್ತ ನೋಡದು
ಎಂದ ಅಂಚೆಯ ಮ್ಯಾನ್ಸಿ.
ಅವನ ಸೊಸೆ ಕರೆಂಟು ಹೊಡೆಯುವ ಪಟ್ಟಿ ತಂದುಕೊಟ್ಟಳು.
ನನ್ನ ಮಣಿಕಟ್ಟಿಗೇ ಕಟ್ಟಿ ಗುಂಡಿ ಒತ್ತಿ ನೋಡಿದೆ.
ಮರುದಿನ ಹಿಂದಿರುಗಿಸಿದೆ.

ಹೇಳಿಕೊಟ್ಟ ಮಾತು, ಕಟ್ಟಿಕೊಟ್ಟ ಬುತ್ತಿ
ಎಷ್ಟು ದೂರ ಬಂದೀತು?
ನಿನ್ನ ಮಟ್ಟಿಗೆ, ಬಾಗಿಲ ತನಕ.
ಅಡುಗೆಮನೆಯಲ್ಲಿ ನೀನು ಸನ್ಯಾಸಿನಿ:
ಕೂರು ಅಂದರೆ ಕೂತೆ, ಬಾ ಅಂದರೆ ಬಂದೆ,
ಹುರಿದ ಮೀನಿನ ಚರ್ಮ ಮೂಗಿನ ಮೇಲಿಟ್ಟರೂ
ಅಪ್ಪಣೆಗೆ ಕಾದೆ.
ಹೊರಗೊಂದು ಹುಲ್ಲು ಅಲುಗಿತೋ,
ನನ್ನ ಹೆಸರೂ ಇಲ್ಲ, ನಿನ್ನ ಹೆಸರೂ ಇಲ್ಲ.

ಕಿವಿ ಮುಂದಾಗುತ್ತದೆ.
ಬಾಲ ಇಳಿಯುತ್ತದೆ.
ಎತ್ತಿದ ಮುಂಗಾಲು ಗಾಳಿಯಲ್ಲೇ ಮರೆತುಹೋಗುತ್ತದೆ.
ಆಮೇಲೆ ಓಟ.
ಓಟದ ಮೇಲೆ ನನಗೆ ಅಧಿಕಾರವಿಲ್ಲ,
ಹಗ್ಗಕ್ಕಿದೆ; ನನ್ನ ಅಂಗೈ ಸಾಕ್ಷಿ.
ನನಗೆ ದಕ್ಕಿದ್ದು ಅದಕ್ಕೂ ಮುಂಚಿನ ಸಂದಿ,
ಕಾಲು ಎತ್ತಿದ್ದಕ್ಕೂ ಊರುವುದಕ್ಕೂ ನಡುವೆ
ಒಂದು ರೆಪ್ಪೆ ಬಡಿಯುವಷ್ಟು ಜಾಗ.
ಅಲ್ಲಿ ಸಿಳ್ಳೆ ಹಾಕಬೇಕು.
ಕಟ್ಟಿಸಿಕೊಂಡ ಹಲ್ಲಿಗೆ ಸಿಳ್ಳೆ ಬಾರದು;
ಹಳೆಯ ಕೆಟಲಿನ ಸೀಟಿ ಕಿತ್ತು
ಕೊರಳಿಗೆ ಕಟ್ಟಿಕೊಂಡಿದ್ದೇನೆ.
ನಗಬೇಡ.

ನಿನ್ನ ಆಸೆಯನ್ನು ಕೊಲ್ಲುವ ಪಾಠ ನನಗೆ ತಿಳಿಯದು.
ಅದಕ್ಕೇ ಸಂಜೆ, ಕತ್ತಲಾಗಲು ಒಲ್ಲದ ಸಂಜೆ,
ಗಾಳದ ಕೋಲಿಗೆ ಹಳೆಯ ಕಾಲುಚೀಲ ಕಟ್ಟಿ
(ಹತ್ತಿಯದು, ಉಣ್ಣೆಯದಲ್ಲ, ಅಷ್ಟು ಎಚ್ಚರ ಬೇಕು)
ಅಂಗಳದ ತುಂಬ ಗಿರಗಿರ ತಿರುಗಿಸುತ್ತೇನೆ.
ಅಟ್ಟು, ಹಿಡಿ, ಕೊಡವು, ಕೊಂದೇ ಬಿಡು.
ಬಿಡು ಅಂದಾಗ ಬಿಡು.
ಬಿಟ್ಟರೆ ಮತ್ತೆ ಓಡಿಸುತ್ತೇನೆ,
ಇದೇ ನಮ್ಮಿಬ್ಬರ ಕರಾರು.

ನಿನ್ನೆ ಪೀಟ್ ಕಡಿದ ಗುಂಡಿಯ ಅಂಚಿನಿಂದ
ಮೊಲವೊಂದು ಚಂಗನೆ ಎದ್ದಿತು.
ಸೀಟಿ ತುಟಿಗೆ ಬರುವ ಮೊದಲೇ
ನನ್ನ ಕಾಲು ಒಂದು ಹೆಜ್ಜೆ ಓಡಿಬಿಟ್ಟಿತ್ತು,
ಎಪ್ಪತ್ತೊಂದು ವರ್ಷದ, ಮಂಡಿ ಸವೆದ ಕಾಲು!
ಬಾಯಲ್ಲಿ ನೀರು, ಬೆನ್ನಲ್ಲಿ ಜುಮ್ಮು.
ಹಗ್ಗ ಸಡಿಲವಾಗಿಯೇ ಇತ್ತು.
ನೋಡಿದರೆ, ನೀನು ನಿಂತಿದ್ದೆ,
ಮೈಯೆಲ್ಲ ನಡುಗುತ್ತ,
ಕುತ್ತಿಗೆ ಮಾತ್ರ ನನ್ನ ಕಡೆ ಹೊರಳಿಸಿ,
ಇವಳಿಗೇನಾಯಿತು ಎಂಬಂತೆ.

ಜೇಬಿನ ಮೀನೆಲ್ಲ ಸುರಿದೆ.

ಗಿಬ್ಬಿ ದೂರದಿಂದ ಕಂಡಿರಬೇಕು.
ಇಂದು ಟೀಗೆ ಬಂದ, ಹವೆಯ ಮಾತಾಡಿದ.
ಹೋದಮೇಲೆ ನೋಡಿದೆ:
ಸಕ್ಕರೆ ಡಬ್ಬಿಯ ಪಕ್ಕ
ತೋಟಾ ಒಂದೇ ಇದೆ.

ಸರಿಯಾಗಿಯೇ ಎಣಿಸಿದ್ದಾನೆ.
ಗಾಳಿ ತಿರುಗಿತು, ಬಾ,
ಹಗ್ಗ ಕಟ್ಟಿಕೊಳ್ಳೋಣ.