ಅರಾರಿನಿಂದ ತುರೈಫಿಗೆ

ನೇರ ವಿಮಾನ ಇಲ್ಲ ಶೀನಣ್ಣ, ಎಂದೆ.
ಗೊತ್ತುಂಟು, ಆದರೂ ನೋಡು, ಎಂದರು.
ಕೌಂಟರಿನ ಮೇಲೆ ಅವರ ಹೆಲ್ಮೆಟ್ಟು,
ಒಳಪಟ್ಟಿಯಲ್ಲಿ ಬೆವರು ಒಣಗಿದ ಉಪ್ಪಿನ ಗೆರೆ.

ನೋಡಿದೆ.
ಹದ್ದಿಗಾದರೆ ಇನ್ನೂರ ಚಿಲ್ಲರೆ ಕಿಲೋಮೀಟರು.
ನಮಗೆ ಮೊದಲು ತೆಂಕಕ್ಕೆ, ರಿಯಾದಿಗೆ ಇಳಿದು
ಐದು ಗಂಟೆ ಕುರ್ಚಿ ಕಾದು
ಮತ್ತೆ ಬಡಗಕ್ಕೇ ಏರಬೇಕು.
ಕೊಂಕಣ ಸುತ್ತಿ ಮೈಲಾರ, ಎಂದು
ನಕ್ಕರು ಮನೆಯಲ್ಲಿ ಕೊಂಕಣಿ ಆಡುವ ಖಾರ್ವಿ.

ಬಸ್ಸಾದರೆ?
ಎರಡೂವರೆ ಗಂಟೆ. ಹಳೆಯ ಎಣ್ಣೆ ಕೊಳವೆಯ ಗುಂಟ
ನೂಲು ಹಿಡಿದು ಎಳೆದ ರಸ್ತೆ,
ತಿರುವೇ ಇಲ್ಲ.
ಅದೇ ಕಷ್ಟ, ಎಂದರು.

ತುರೈಫಿನಲ್ಲಿ ಅವರ ಭಾವ, ಫಾಸ್ಫೇಟ್ ಗಣಿಯಲ್ಲಿ.
ಒಂದು ದೋಣಿಯ ಅರ್ಧ ಪಾಲಿಗೆ
ಹನ್ನೊಂದು ವರ್ಷದಿಂದ ಮಾತಿಲ್ಲ.
ಗಂಗೊಳ್ಳಿಯ ದಡದಲ್ಲಿ ಆ ದೋಣಿ ಬೋರಲು ಬಿದ್ದು
ಈಗ ಯಾರದೋ ಕೋಳಿಗೂಡು.
ಇದನ್ನು ಹೇಳಿದವರು ಅವರಲ್ಲ,
ಅವರ ಕೋಣೆಯ ನೇಪಾಳಿ ಹುಡುಗ.

ತಿಂಗಳಿಗೊಮ್ಮೆ, ಸಂಬಳದ ಮರುದಿನ,
ಎಷ್ಟು ದೂರ, ಎಷ್ಟು ಹೊತ್ತು ಎಂದು ಕೇಳಿ
ಸುಲೈಮಾನಿ ಕುಡಿದು ಹೋಗುತ್ತಿದ್ದ ಮನುಷ್ಯ
ಇಂದು ನೋಟು ಎಣಿಸಿದರು.

ಬಸ್ಸಿಗೆ ಇದರ ಕಾಲು ಪಾಲೂ ಬೇಡ, ಎಂದೆ.
ಬಸ್ಸು ಬೇಗ ಮುಟ್ಟಿಸಿಬಿಡುತ್ತದೆ ಮಾರಾಯ.
ಇಳಿದ ಕೂಡಲೆ ಅವನೇ ಎದುರು ನಿಂತರೆ
ಮೊದಲ ಮಾತು ಯಾವುದು?

ಟಿಕೆಟು ಅಚ್ಚಾಗಿ ಬಂತು.
ಹೊರಡುವ ಹೊತ್ತು ನೋಡಲಿಲ್ಲ, ಮುಟ್ಟುವ ಹೊತ್ತೂ.
ನಡುವಿನ ಐದು ಗಂಟೆಯ ಕೆಳಗೆ
ಉಗುರಿನಿಂದ ಒಂದು ಗೆರೆ ಎಳೆದು,
ಸಾಕಾದೀತಾ, ಎಂದರು.