ಒಂದೂವರೆ ಗಂಟೆ

ವುಬಿನ್‌ನಲ್ಲಿ ಮೂರನೆಯ ಟ್ರೇಲರಿನ ಕೊಂಡಿ ಬಿಗಿದ ಮೇಲೆ
ನಾವು ಗಂಡ ಹೆಂಡತಿಯಲ್ಲ, ಪಾಳಿ.

ಐವತ್ತಮೂರು ಮೀಟರು ಉದ್ದ. ಅರವತ್ತೆರಡು ಚಕ್ರ.
ಡಾರ್ವಿನ್ನಿನ ಅಂಗಡಿಗಳಿಗೆ ಈರುಳ್ಳಿ, ಪೇಂಟು, ಡಯಾಪರು,
ಯಾರದೋ ಮದುವೆಗೆ ನಾನೂರು ಬಿಳಿ ಕುರ್ಚಿ.
ಬೆವನ್ ಐದು ತಾಸು, ನಾನು ಐದು ತಾಸು.
ಅವನು ಸ್ಟಿಯರಿಂಗ್ ಹಿಡಿದರೆ ನಾನು ಬೆನ್ನ ಹಿಂದಿನ ಗೂಡಿನಲ್ಲಿ
ಅವನ ಮೈ ಬಿಟ್ಟುಹೋದ ಬೆಚ್ಚನೆಯ ಕುಳಿಯಲ್ಲಿ ಮಲಗುತ್ತೇನೆ.
ಹದಿನೇಳು ವರ್ಷ ಒಂದೇ ಹಾಸಿಗೆ,
ಒಟ್ಟಿಗೆ ಮಲಗಿದ್ದು ಬೆರಳೆಣಿಕೆ.

ಹೆದರಿಕೆಯಾಗಲ್ವಾ ಅಂತ ಜನ ಕೇಳುತ್ತಾರೆ.
ಮೊದಮೊದಲು ನಿದ್ದೆಯಲ್ಲೂ ಬ್ರೇಕ್ ತುಳಿಯುತ್ತಿದ್ದೆ,
ಕಾಲ್ದೆಸೆಯ ತಗಡಿನಲ್ಲಿ ಆ ತಗ್ಗು ಇನ್ನೂ ಇದೆ.
ಈಗ ಗೇರು ಬದಲಿಸುವ ಸದ್ದಿನಲ್ಲೇ ತಿಳಿಯುತ್ತದೆ
ಅವನಿಗೆ ಹಸಿವೋ, ಸಿಟ್ಟೋ,
ಅಥವಾ ತಂಗಿಯ ಹತ್ತಿರ ಮಾತಾಡಿದ್ದಾನೋ.

ಈ ಕೆಲಸದಲ್ಲಿ ಕಲಿತದ್ದು ಇಷ್ಟು:
ಮುಂದೆ ಕೂತವಳ ಕೈ ಒಂದು ಗೇಣು ಅಲುಗಿದರೆ
ಕೊನೆಯ ಟ್ರೇಲರು ಒಂದು ಮಾರು ಹೊಯ್ದಾಡುತ್ತದೆ,
ಅದೂ ತಡವಾಗಿ,
ಊರಿಗೆಲ್ಲ ಗೊತ್ತಾದ ಸುದ್ದಿ ಕಟ್ಟಕಡೆಗೆ ಮನೆಗೆ ಬಂದ ಹಾಗೆ.
ಕಾಂಗರೂ ಎದುರಾದರೆ ತಿರುಗಿಸಬಾರದು.
ಕಣ್ಣು ಮುಚ್ಚಲೂ ಬಾರದು.
ಬುಲ್‌ಬಾರಿಗೆ ಒಂದು ಸದ್ದು ಬಂದು ಹೋಗುತ್ತದೆ,
ನೀನು ನೇರವಾಗಿರಬೇಕು.

ಬೆಳಗಾದರೆ ಅದರ ಮೇಲೆ ಹದ್ದು.
ಹೊಟ್ಟೆ ಬಿರಿಯ ಉಂಡು ಏಳಲಾರದೆ
ನಮ್ಮ ಗಾಜಿನ ಎದುರೇ ರೆಕ್ಕೆ ಬಡಿಯುತ್ತದೆ.
ಅದಕ್ಕೆ ನಾನು ಒಂದು ಮೈಲಿ ದೂರದಿಂದಲೇ ವೇಗ ಇಳಿಸುತ್ತೇನೆ.
ಬೆವನ್ ಹಾರನ್ ಹೊಡೆಯುತ್ತಾನೆ.
ಆ ಜಗಳ ಇನ್ನೂ ಬಗೆಹರಿದಿಲ್ಲ.

ಸ್ಯಾಂಡ್‌ಫೈರ್‌ನ ಡೀಸೆಲ್ ಪಂಪಿನ ನೆರಳಿನಲ್ಲಿ
ಎಲ್ಲಿಂದ ಬಂದವೋ, ನವಿಲು ಅಡ್ಡಾಡುತ್ತಿದ್ದವು.
ಅವನನ್ನು ಎಬ್ಬಿಸಿ ತೋರಿಸಬೇಕು ಅನ್ನಿಸಿತ್ತು,
ಎಬ್ಬಿಸಲಿಲ್ಲ. ಅವನಿಗೆ ಇನ್ನೂ ಎರಡು ತಾಸು ನಿದ್ದೆ ಸಲ್ಲಬೇಕಿತ್ತು.
ಹೀಗೆ ನಾನು ಕಂಡದ್ದೆಲ್ಲ ಅವನಿಗೆ ಬಾಯಿಮಾತು,
ಅವನು ಕಂಡದ್ದು ನನಗೆ.
ಫಿಟ್ಜ್‌ರಾಯ್ ಸೇತುವೆ ಕೊಚ್ಚಿಹೋದ ವರ್ಷ
ಅರ್ಧ ದೇಶ ಸುತ್ತಿ ಅದೇ ಡಾರ್ವಿನ್ ಮುಟ್ಟಿದೆವಲ್ಲ,
ಆ ದಾರಿಯ ಅರ್ಧ ಇವತ್ತಿಗೂ ನಾನು ನೋಡಿಲ್ಲ.

ಕುನನರಾ ದಾಟಿದರೆ ಗಡಿ.
ಅಲ್ಲಿ ಗಡಿಯಾರ ಒಂದೂವರೆ ಗಂಟೆ ಮುಂದಕ್ಕೆ ಹಾರುತ್ತದೆ.
ಸೂರ್ಯ ಇದ್ದಲ್ಲೇ ಇರುತ್ತಾನೆ, ಬೋರ್ಡು ಮಾತ್ರ ಬದಲಾಗುತ್ತದೆ.
ಆ ಒಂದೂವರೆ ಗಂಟೆ ಯಾರ ಲೆಕ್ಕದ್ದು?
ನಿನ್ನ ನಿದ್ದೆಯಿಂದ ಹೋಯಿತು ಅನ್ನುತ್ತಾನೆ,
ನಿನ್ನದರಿಂದ ಅನ್ನುತ್ತೇನೆ.
ಸನ್‌ವೈಸರಿನ ಹಿಂದೆ ಒಂದು ಪುಸ್ತಕವಿದೆ,
ಬೆವನ್ ಬಾಕಿ ಇಷ್ಟು, ಐಲ್ಸ ಬಾಕಿ ಇಷ್ಟು ಅಂತ.

ವಾಪಸು ಬರುವಾಗ ಅದೇ ಗಡಿ ಅದನ್ನು ತಿರುಗಿ ಕೊಡುತ್ತದೆ.
ಆದರೆ ಹಣ್ಣು ಒಳಗೆ ಬಿಡುವುದಿಲ್ಲ.
ನೊಣವೋ ಹುಳವೋ ಬಂದೀತೆಂದು ಗೇಟಿನವರು
ಸೇಬಾದರೂ ಸರಿ, ಡಬ್ಬಿಗೆ ಹಾಕಿಸುತ್ತಾರೆ.
ಹೋದ ನವೆಂಬರಿನಲ್ಲಿ ಕ್ಯಾಥರೀನಿನ ತೋಟದವನೊಬ್ಬ
ಒಂದು ಪೆಟ್ಟಿಗೆ ಮಾವು ಕೊಟ್ಟಿದ್ದ.
ಗೇಟಿಗೆ ಮೊದಲೇ ಗಾಡಿ ಬದಿಗೆ ಹಾಕಿದೆವು.

ಇಂಜಿನ್ ಆರಿತು.
ಮೈ ಮಾತ್ರ ಇನ್ನೂ ಓಡುತ್ತಲೇ ಇತ್ತು,
ನನ್ನೊಳಗೂ ಒಂದು ಕೊನೆಯ ಟ್ರೇಲರು.
ಚಕ್ರದ ನೆರಳಿನಲ್ಲಿ ಕಾಲು ಚಾಚಿ ಕೂತು
ಸಿಪ್ಪೆ ಹಲ್ಲಿನಲ್ಲೇ ಸುಲಿದು, ಮೊಣಕೈವರೆಗೆ ರಸ ಇಳಿಸಿಕೊಂಡು
ಎಷ್ಟು ತಿಂದೆವೋ, ಹನ್ನೊಂದರ ಮೇಲೆ ಎಣಿಸಲಿಲ್ಲ.
ಗಡ್ಡಕ್ಕೆ ನಾರು ಅಂಟಿಸಿಕೊಂಡು
ಅವನು ನನ್ನನ್ನೇ ನೋಡುತ್ತಿದ್ದ,
ಎದುರು ಬರುವ ಗಾಡಿಯ ದೀಪ ನೋಡುವಂತೆ, ಕಣ್ಣು ಕಿರಿದು ಮಾಡಿ.

"ಐಲ್ಸ, ನಿನ್ನ ಕೂದಲು ಯಾವಾಗ ಬೆಳ್ಳಗಾಯಿತು?"

"ಹಾಲ್ಸ್ ಕ್ರೀಕ್ ಹತ್ತಿರ," ಅಂದೆ,
ವಾಟೆ ಚೀಪುತ್ತ. "ನೀನು ಮಲಗಿದ್ದೆ."